ಮೇಜರ್ ಸಾಹೇಬರು ಕೇಳದೆ ಬಿಟ್ಟ ಪ್ರಶ್ನೆ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಜನವರಿಯ ಶನಿವಾರ, ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಒಮಾನಿನ ರುಸೈಲ್‌ನಲ್ಲಿದ್ದ ನಮ್ಮ ಪೇಂಟ್ ಕಾರ್ಖಾನೆಯ ಥಿನ್ನರ್ ಸ್ಟೋರಿಗೆ ಬೆಂಕಿ ಬಿತ್ತು. ದಿನವೂ ಡೈರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇದೆ. ಹವೆ, ಊಟ, ಬಂದ ಪತ್ರ, ಹಾಕಿದ ಪತ್ರ, ಎಲ್ಲದಕ್ಕೂ ಲೆಕ್ಕ ಇಡುತ್ತೇನೆ. ಆ ದಿನದ ಪುಟದಲ್ಲಿ ಹವೆಯ ಸಾಲು ಹೀಗಿದೆ: "ಮರುಭೂಮಿ ಕಡೆಯ ಒಣ ಗಾಳಿ, ಮೂರನೇ ದಿನ. ತುಟಿ ಒಡೆದಿದೆ." ಅದರ ಕೆಳಗೆ ಬೆಂಕಿಯ ವಿಷಯ.

ಯಾರೂ ಸಾಯಲಿಲ್ಲ. ಅಗ್ನಿಶಾಮಕದವರು ಬಂದು ನೊರೆ ಹೊಡೆದು ಆರಿಸುವಷ್ಟರಲ್ಲಿ ಸ್ಟೋರಿನ ಒಂದು ಮೂಲೆ, ಬ್ರಷ್ಷುಗಳ ರ‍್ಯಾಕು ಮತ್ತು ಮಾಡಿನ ಕೆಲವು ತಗಡು ಹೋಗಿದ್ದವು. ಡ್ರಮ್ಮುಗಳು ಉಳಿದವು. ಅವುಗಳಿಗೇನಾದರೂ ಬೆಂಕಿ ಹತ್ತಿದ್ದರೆ ಪಕ್ಕದ ಕಾರ್ಖಾನೆಯೂ ಇರುತ್ತಿರಲಿಲ್ಲ.

ಸಂಜೆಯೊಳಗೆ ತಪ್ಪಿತಸ್ಥನೂ ಸಿಕ್ಕಿಬಿಟ್ಟ. ಸ್ಟೋರ್‌ಕೀಪರರ ಮೇಜಿನ ಡ್ರಾಯರಿನಲ್ಲಿ ಒಂದು ಕಟ್ಟು ಬೀಡಿ ಇತ್ತು. ಅವರು ಉಳ್ಳಾಲದ ಕಡೆಯ ಬ್ಯಾರಿ, ಐವತ್ತು ದಾಟಿದವರು. ಕಾರ್ಖಾನೆಯಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಕಾಕ ಎಂದೇ ಕರೆಯುತ್ತಿದ್ದರು. ಅವರ ಮನೆಯ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಊರಿಂದ ಬರುವವರ ಕೈಯಲ್ಲಿ ಅದರ ಒಂದೆರಡು ಕಟ್ಟು ಕಾಕನಿಗೆ ತಲುಪುತ್ತಿತ್ತು.

ಫ್ಯಾಕ್ಟರಿ ಮ್ಯಾನೇಜರ್ ಪುಣೆಯವರು. ಆ ಕಟ್ಟನ್ನು ನಮ್ಮ ಆಫೀಸಿಗೆ ತಂದು ಮೇಜಿನ ಮೇಲಿಟ್ಟರು.

"ಕೇಸ್ ಕ್ಲಿಯರ್, ಮೇಜರ್. ಬೀಡಿ ಸೇದಿದಾನೆ, ಬೆಂಕಿ ಹತ್ತಿದೆ, ಓಡಿದಾನೆ. ಬುಧವಾರ ಪೊಲೀಸರಿಗೆ ನಮ್ಮ ವರದಿ ಹೋಗಬೇಕು. ಇನ್ಶೂರೆನ್ಸಿನವರೂ ಕಾಯ್ತಿದಾರೆ. ಒಂದೇ ಪುಟ ಸಾಕು."

ಮೇಜರ್ ಎಂದರೆ ನಾನು ಟೈಪಿಸ್ಟಾಗಿದ್ದ ವಿಭಾಗದ ಮುಖ್ಯಸ್ಥರು. ನಮ್ಮ ಕಂಪನಿಯ ಎಲ್ಲ ಕಾರ್ಖಾನೆಗಳ ಕಾವಲು ಮತ್ತು ಸುರಕ್ಷತೆ ಅವರ ಕೆಳಗಿತ್ತು. ಆಸ್ಟ್ರೇಲಿಯಾದ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದ ಪೊಲೀಸ್ ಮುಖ್ಯಸ್ಥರಾಗಿ, ನಿವೃತ್ತಿಯ ನಂತರ ಒಮಾನಿಗೆ ಬಂದವರು. ಆರಡಿ ಎತ್ತರ, ಬಿಸಿಲಿಗೆ ಕೆಂಪಾದ ಕುತ್ತಿಗೆ, ತಾವೇ ಇಸ್ತ್ರಿ ಮಾಡಿಕೊಂಡ ಅಂಗಿ. ಬೀಡಿ ಕಟ್ಟನ್ನು ಮೂಸಿ ನೋಡಿ, "ಇದು ಡ್ರಾಯರಿನಲ್ಲಿತ್ತು. ಬೆಂಕಿ ಡ್ರಾಯರಿನಲ್ಲಿರಲಿಲ್ಲ" ಎಂದಷ್ಟೇ ಹೇಳಿ ಅದನ್ನು ಕವರಿಗೆ ಹಾಕಿದರು.

ಮ್ಯಾನೇಜರ್ ಹೋದ ಮೇಲೆ ನಮ್ಮ ಮಂದೂಬ್, ಎಂದರೆ ಕಂಪನಿಯ ಸರಕಾರಿ ಕೆಲಸಗಳನ್ನು ಓಡಾಡಿ ಮಾಡಿಸುವ ಒಮಾನಿ, ಬಾಗಿಲಲ್ಲಿ ನಿಂತು ನನಗೆ ಮೆಲ್ಲಗೆ ವಿವರಿಸಿದ. ವರದಿಯಲ್ಲಿ "ಧೂಮಪಾನ" ಎಂದು ಬಂದರೆ ಕಾಕನ ಮೇಲೆ ಕೇಸು. ಕೇಸಾದರೆ ಜೈಲು, ಅದಾದ ಮೇಲೆ ಪಾಸ್‌ಪೋರ್ಟಿಗೆ ಠಸ್ಸೆ, ಬೊಂಬಾಯಿ ವಿಮಾನ. ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ.

ಭಾನುವಾರ ಬೆಳಿಗ್ಗೆ ಮೇಜರ್ ನನ್ನನ್ನು ಸೀಬ್‌ನ ನನ್ನ ರೂಮಿನ ಮುಂದೆಯೇ ಹತ್ತಿಸಿಕೊಂಡರು. ಕೆಲಸಗಾರರಲ್ಲಿ ಹೆಚ್ಚಿನವರು ತುಳು, ಬ್ಯಾರಿ, ಕನ್ನಡದವರು. ನನ್ನದು ಕಾಪು, ಮನೆ ಮಾತು ತುಳು, ನೆರೆಮನೆಯ ಮಾತು ಬ್ಯಾರಿ. ಹಾಗಾಗಿ ತನಿಖೆಯಲ್ಲಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ದಾರಿಯಲ್ಲಿ ಅವರು ದ್ವೀಪದ ಒಂದು ವಿಷಯ ಹೇಳಿದರು.

"ಸೈನ್ಯದಲ್ಲಿ ನಾನು ಪ್ರಶ್ನೆ ಕೇಳುತ್ತಿದ್ದುದೇ 'ಯೆಸ್ ಸರ್' ಕೇಳಿಸಿಕೊಳ್ಳಲು. ಅದೇ ನಾಲಿಗೆ ಹೊತ್ತುಕೊಂಡು ದ್ವೀಪಕ್ಕೆ ಹೋದೆ. ಅಲ್ಲಿ ದೊಡ್ಡವರು ಕೇಳಿದ್ದಕ್ಕೆ ಇಲ್ಲ ಎನ್ನುವುದು ಮರ್ಯಾದೆಗೇಡು. ಒಬ್ಬ ಮೀನುಗಾರನನ್ನು, ದೋಣಿ ಕದ್ದವನು ನೀನೇನಾ ಎಂದು ಕೇಳಿದೆ. ಹೌದು ಎಂದ. ಒಳಗೆ ಹಾಕಿದೆ. ದೋಣಿ ತಾನಾಗಿ ತೇಲಿ ಬಂದ ಮೇಲೆ, ಯಾಕಯ್ಯಾ ಹೌದು ಅಂದೆ ಎಂದರೆ, 'ನೀವು ಅಷ್ಟು ದೂರದಿಂದ ಬಂದು ಕೇಳಿದಿರಲ್ಲ' ಅಂದ."

ನಾನು ನಕ್ಕೆ. ಅವರು ನಗಲಿಲ್ಲ.

"ಆಮೇಲೆ ಆರು ತಿಂಗಳು ಠಾಣೆಯ ಮುಂದಿನ ಮೇಜಿನಲ್ಲಿ ಕಾನ್‌ಸ್ಟೇಬಲ್ ಜೊತೆ ಕೂತು ಕೇಳುವುದನ್ನು ಕಲಿತೆ. ನನ್ನ ಕೈಕೆಳಗಿನವರಿಗೆ ಅದು ತಮಾಷೆಯಾಗಿತ್ತು, ಇರಲಿ. ನಿನ್ನ ಕೆಲಸಕ್ಕೆ ಒಂದೇ ನಿಯಮ. ಅವರು ನನಗೆ ಹೇಳಿದ್ದನ್ನೂ ಹೇಳು, ನನಗೆ ಹೇಳಬಾರದು ಎಂದು ಹೇಳಿದ್ದನ್ನೂ ಹೇಳು. ಇದನ್ನು ಮೊದಲೇ ಅವರಿಗೆ ತಿಳಿಸಿಬಿಡು. ಕದ್ದು ಕೇಳುವುದು ಬೇಡ."

ಸ್ಟೋರಿನಲ್ಲಿ ಅವರು ಬೆಳಗ್ಗೆಯೆಲ್ಲ ಒಂದು ವಸ್ತುವನ್ನೂ ಎತ್ತಲಿಲ್ಲ. ಹಗ್ಗದಿಂದ ನೆಲವನ್ನು ಚೌಕಗಳಾಗಿ ಹಂಚಿ, ಪ್ರತಿ ಚೌಕದಲ್ಲಿ ಕಂಡದ್ದನ್ನು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಥಿನ್ನರಿನ ಡ್ರಮ್ಮುಗಳು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿದ್ದವು. ಒಂದೊಂದರ ಬಾಯಿಗೂ ಒಂದು ನಲ್ಲಿ, ನಲ್ಲಿಗೆ ಒಂದು ಕೊಕ್ಕೆ. ಆ ಕೊಕ್ಕೆಗೆ ಕಬ್ಬಿಣದ ಬಕೆಟ್ಟನ್ನು ಹಿಡಿಕೆಯಿಂದ ನೇತುಹಾಕಿ ತುಂಬಿಸುವುದು ಪದ್ಧತಿ. ಸ್ಟ್ಯಾಂಡಿನಿಂದ ತಾಮ್ರದ ತಂತಿಯೊಂದು ನೆಲದೊಳಗೆ ಹೋಗಿತ್ತು.

ಮೂರನೇ ಡ್ರಮ್ಮಿನ ಮುಂದೆ ನೆಲ ಬಹಳ ಕಪ್ಪಾಗಿತ್ತು. ಅದರ ನಲ್ಲಿಯನ್ನು ಮೇಜರ್ ಮುಟ್ಟದೆ ನೋಡಿದರು. ಮುಚ್ಚಿತ್ತು. ಆ ಡ್ರಮ್ಮಿನ ಬಕೆಟ್ಟು ಮಾತ್ರ ಒಳಗೆಲ್ಲೂ ಇರಲಿಲ್ಲ. ಬಾಗಿಲಿನ ಹೊರಗೆ, ಮರಳಿನಲ್ಲಿ ಬೋರಲಾಗಿ ಬಿದ್ದಿತ್ತು.

"ಬೆಂಕಿ ಹತ್ತಿದ ಕೂಡಲೇ ಕಾಕ ಓಡಿದರು ಎಂದಾದರೆ ನಲ್ಲಿ ಮುಚ್ಚಿದವರು ಯಾರು? ಬಕೆಟ್ಟನ್ನು ಹೊರಗೆಸೆದವರು ಯಾರು?" ಎಂದರು. ಆಮೇಲೆ ಬಕೆಟ್ಟಿನ ಹಿಡಿಕೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ತಂತಿಯ ಹಿಡಿಕೆಯ ನಡುವೆ ಕರಗಿ ಗಟ್ಟಿಯಾದ ಒಂದು ಕಪ್ಪು ಮುದ್ದೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಮೂಸಿದರು. ಪ್ಲಾಸ್ಟಿಕ್ಕು. ಅದು ಅಲ್ಲಿಗೆ ಹೇಗೆ ಬಂತು ಎಂದು ನನಗೂ ತಿಳಿಯಲಿಲ್ಲ.

ಸೋಮವಾರ ಹೇಳಿಕೆಗಳು. ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದರು. ಮೊದಲು ಕಾಕ ಬಂದರು. ತಲೆ ಬಗ್ಗಿಸಿಕೊಂಡೇ, "ನಾನು ನಮಾಜಿಗೆ ಹೋಗಿದ್ದೆ. ಬೇರೆ ಗೊತ್ತಿಲ್ಲ" ಎಂದರು. ಬಲಗೈ ಅಂಗಿಯ ತೋಳಿನೊಳಗೇ ಇತ್ತು.

ಆಮೇಲೆ ಬಂದವರು ಕಾಕನ ಜೊತೆ ಕಂಪನಿಯ ಲೇಬರ್ ಕ್ಯಾಂಪಿನಲ್ಲಿ ವಾಸವಿದ್ದವರು. ಮೊದಲನೆಯವನು ಹೇಳಿದ: "ಬೆಲ್ ಆಯ್ತು. ನಾವು ಕಾಲು ತೊಳೆದ್ವಿ. ಕಾಕ ಎರಡನೇ ಸಾಲಿನಲ್ಲಿ, ಫ್ಯಾನಿನ ಅಡಿಯಲ್ಲಿ ಇದ್ರು. ನಮಾಜ್ ಮುಗಿದಾಗ ಹೊಗೆ ಕಂಡ್ತು." ಎರಡನೆಯವನು ಹೇಳಿದ: "ಬೆಲ್ ಆಯ್ತು. ಕಾಲು ತೊಳೆದ್ವಿ. ಕಾಕ ಎರಡನೇ ಸಾಲಿನಲ್ಲಿ, ಫ್ಯಾನಿನ ಅಡಿಯಲ್ಲಿ." ಮೂರನೆಯವನೂ ಕಾಲು ತೊಳೆದ, ಅವನಿಗೂ ಫ್ಯಾನು ಕಂಡಿತ್ತು. ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದರೆ ಮೇಜರ್ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು.

ಕೊನೆಗೆ ಬಂದವನು ಮಿಕ್ಸಿಂಗ್ ವಿಭಾಗದ ಹೆಲ್ಪರ್, ಮೂಡಬಿದಿರೆ ಕಡೆಯವನು, ತುಳು ಮಾತಿನವನು. ಹಣೆಗೆ ಕಾವಿ ನಾಮ, ತಲೆಗೆ ಬೈರಾಸು. ಕೂತವನೇ ಒಂದೇ ಉಸಿರಿಗೆ ಶುರುಮಾಡಿದ.

"ಬೆಲ್ ಆಯ್ತು. ಕಾಲು ತೊಳೆದ್ವಿ. ಕಾಕ ಎರಡನೇ ಸಾಲಿನಲ್ಲಿ..."

ನಾನೇ ತಡೆಯಲಾರದೆ ಕೇಳಿದೆ: "ನೀನು ನಮಾಜಿಗೆ ಹೋದದ್ದಾ ಮಾರಾಯ?"

ಅವನು ಬಾಗಿಲ ಕಡೆ ನೋಡಿದ. ನಂತರ, "ಹೊರಗೆ ನಿಂತು ನೋಡಿದ್ದು. ಕಿಟಕಿಯಲ್ಲಿ" ಎಂದ. ನಮ್ಮ ನಮಾಜಿನ ಶೆಡ್ಡಿಗೆ ಕಿಟಕಿ ಇರಲಿಲ್ಲ. ಅವನಿಗೆ ಅದು ನೆನಪಾದದ್ದು ಮುಖದಲ್ಲೇ ಕಂಡಿತು. ಬೈರಾಸು ಎಳೆದು ಹಣೆ ಒರೆಸಿಕೊಂಡ. ನಾಮದ ಜೊತೆ ಅವನ ಎಡಗಡೆಯ ಹುಬ್ಬೂ ಹೋಯಿತು.

ಹುಬ್ಬು ಇರಲೇ ಇಲ್ಲ. ಸೀಬ್ ಸೂಕಿನ ಅಂಗಡಿಗಳಲ್ಲಿ ಸಿಗುವ, ಕಣ್ಣಿಗೆ ಹಚ್ಚುವ ಸುರ್ಮಾದಲ್ಲಿ ಯಾರೋ ನಾಜೂಕಾಗಿ ಬರೆದದ್ದು ಅದು. ಕೆಳಗಿನ ಚರ್ಮ ಸುಟ್ಟು ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿತ್ತು. ಉಳಿದ ಒಂದು ಹುಬ್ಬಿನಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ನಗು ಬಂದರೆ ಗತಿಯೇನು ಎಂದು ನಾನು ನಾಲಿಗೆ ಕಚ್ಚಿಕೊಂಡೆ.

ಮೇಜರ್ ಎದ್ದು ತಾವೇ ಕೆಟಲಿನಿಂದ ಒಂದು ಕಪ್ ಚಹಾ ಬಗ್ಗಿಸಿ, ಸಕ್ಕರೆ ಹಾಕಿ, ಅವನ ಮುಂದಿಟ್ಟರು. "ಇವತ್ತಿಗೆ ಇಷ್ಟು ಸಾಕು ಎಂದು ಹೇಳು. ಮುಖಕ್ಕೆ ಮುಲಾಮು ಕೊಡಿಸು. ಸುಟ್ಟ ಚರ್ಮಕ್ಕೆ ಸುರ್ಮಾ ಒಳ್ಳೆಯದಲ್ಲ." ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಹುಬ್ಬಿನ ವಿಷಯ ಬರೆಯಬೇಡ. ಆ ಮನುಷ್ಯನಿಗೆ ನಾಳೆಯೂ ಇದೇ ಜನರ ಜೊತೆ ಬಾಳಬೇಕು" ಎಂದರು.

"ಸರ್, ಎಲ್ಲರೂ ಸುಳ್ಳು ಹೇಳ್ತಿದಾರೆ" ಎಂದೆ.

"ಹೌದು. ಯಾಕೆ ಎನ್ನುವುದು ಮುಖ್ಯ. ಕಳ್ಳರ ಸುಳ್ಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಪ್ರತಿಯೊಬ್ಬನೂ ತನ್ನನ್ನು ಉಳಿಸಿಕೊಳ್ಳುತ್ತಾನೆ. ಇವರದು ಅಕ್ಷರಕ್ಕೆ ಅಕ್ಷರ ತಾಳೆಯಾಗುತ್ತಿದೆ. ಇವರು ಬೇರೊಬ್ಬರನ್ನು ಉಳಿಸುತ್ತಿದ್ದಾರೆ. ಉಳಿಸುತ್ತ ಮುಳುಗಿಸುತ್ತಿದ್ದಾರೆ. ಕಾಕ ಒಳಗಿರಲಿಲ್ಲ, ಯಾರೂ ಏನೂ ನೋಡಲಿಲ್ಲ ಎಂದ ಮೇಲೆ ನನ್ನ ಕೈಯಲ್ಲಿ ಉಳಿಯುವುದೇನು? ಬೀಡಿ ಒಂದೇ."

ಅಲ್ಲಿಯೇ ಅವರು ಆ ನಿರ್ಧಾರ ಮಾಡಿದರು. ಸೋಮವಾರದ ಹೇಳಿಕೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ, ಮೇಲೆ "ಬಳಸುವುದಿಲ್ಲ" ಎಂದು ಬರೆದು ಸಹಿ ಹಾಕಿದರು. ಉಳಿದದ್ದು ಒಂದೂವರೆ ದಿನ. ಸುದ್ದಿ ಕೇಳಿ ಬಂದ ಮ್ಯಾನೇಜರಿಗೆ ತಲೆ ಕೆಟ್ಟಿತು.

"ಮೇಜರ್, ಇದೇನು ನಿಮ್ಮ ದ್ವೀಪವೇ? ಸುಳ್ಳು ಹೇಳಿದ್ದಕ್ಕೇ ಇವರನ್ನೆಲ್ಲ ಮನೆಗೆ ಕಳಿಸಬಹುದು."

"ಕಳಿಸಬಹುದು. ಆದರೆ ನಾಳೆ ನಿಮ್ಮ ಸ್ಟೋರು ಮತ್ತೆ ಹೊತ್ತಿದರೆ ಯಾಕೆ ಎಂದು ಹೇಳುವವರು ಯಾರೂ ಇರುವುದಿಲ್ಲ."

ಸಂಜೆ ಬೆಳಕಿರುವಾಗಲೇ ನಾವಿಬ್ಬರೂ ಕ್ಯಾಂಪಿಗೆ ಹೋದೆವು. ಅಂಗಳದಲ್ಲಿ ಒಗೆದ ಲುಂಗಿಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕಾಕ ಒಳಗೆ ಮಲಗಿದ್ದರು; ಹೊರಗೆ ಬರಲಿಲ್ಲ. ಉಳಿದವರು ಕಟ್ಟೆಯ ಮೇಲೆ ಸಾಲಾಗಿ ಕೂತರು. ಮೇಜರ್ ಕುರ್ಚಿ ಬೇಡವೆಂದು ಒಂದು ಪೇಂಟಿನ ಡಬ್ಬಿ ಮಗುಚಿ ಹಾಕಿ ಕೂತು, ನನ್ನ ಮೂಲಕ ಹೀಗೆ ಹೇಳಿದರು:

"ಕಾಕ ಎಲ್ಲಿದ್ದರು ಎಂದು ನಾನು ಇನ್ನು ಯಾರನ್ನೂ ಕೇಳುವುದಿಲ್ಲ. ಶನಿವಾರ ಬೆಲ್ ಆದಮೇಲೆ ನಿಮ್ಮ ನಿಮ್ಮ ಕೈ ಏನು ಮಾಡಿತು, ಅದನ್ನು ಮಾತ್ರ ಹೇಳಿ. ನಿಮ್ಮ ಕೈ ಅಷ್ಟೇ. ಅದರಿಂದ ಕಾಕ ಉಳಿಯುತ್ತಾರೆ ಎಂದು ಮಾತು ಕೊಡಲು ನನಗೆ ಆಗುವುದಿಲ್ಲ. ನೀವು ಹೇಳಿದ್ದನ್ನು ಬದಲಿಸದೆ ಬರೆಯುತ್ತೇನೆ ಎಂಬ ಮಾತು ಕೊಡುತ್ತೇನೆ."

ಮೂಡಬಿದಿರೆಯವನು ಪಕ್ಕದವನ ಕಿವಿಯಲ್ಲಿ ತುಳುವಿನಲ್ಲಿ ಏನೋ ಅಂದ. ನನಗೆ ಕೇಳಿಸಿತು. ಅವರ ಮುಂದೆಯೇ ಇಂಗ್ಲಿಷಿಗೆ ತಿರುಗಿಸಿದೆ: "ಸರ್, ನಾವು ಬಾಯಿ ಬಿಟ್ಟರೆ ಕಾಕ ಜೈಲಿಗೆ ಹೋಗ್ತಾರೆ ಅಂತ ಹೇಳ್ತಿದಾನೆ."

ಅವನು ಎದ್ದೇ ನಿಂತ. "ಏಯ್, ನೀನು ನಮ್ಮ ಊರಿನವನಾ, ಇವರ ಚಮಚಾನಾ? ಅದನ್ನೂ ಹೇಳ್ಬೇಕಿತ್ತಾ?"

"ಬೆಳಿಗ್ಗೆಯೇ ಹೇಳಿದ್ದೆ ಅಲ್ವಾ ಅಣ್ಣ, ಕೇಳಿದ್ದೆಲ್ಲ ಹೇಳ್ತೇನೆ ಅಂತ. ನೀವು ಬೈದದ್ದನ್ನೂ ಈಗ ಹೇಳ್ತೇನೆ ನೋಡಿ." ಮೇಜರ್ ಕಡೆ ತಿರುಗಿ, "ಸರ್, ಐ ಆಮ್ ಯುವರ್ ಸ್ಪೂನ್ ಅಂತೆ" ಎಂದೆ.

ಮೇಜರ್ ಗಂಭೀರವಾಗಿ, "ಟೀ ಸ್ಪೂನೋ, ದೊಡ್ಡದೋ ಕೇಳು" ಎಂದರು. ಅದನ್ನೂ ತಿರುಗಿಸಿದೆ. ಕಟ್ಟೆಯ ಕೊನೆಯಲ್ಲಿ ಒಬ್ಬ ಕಿಸಕ್ಕೆಂದ, ಉಳಿದವರು ಅವನನ್ನು ನೋಡಿ ನಕ್ಕರು. ಹುಬ್ಬಿಲ್ಲದವನು ಮತ್ತೆ ಕೂತು ತನ್ನ ಅಂಗೈ ನೋಡಿಕೊಂಡ. ಆಮೇಲೆ ಮಾತಾಡಿದ.

"ಬೆಲ್ ಆದಾಗ ನನ್ನ ಕೈ ನಲ್ಲಿ ತಿರುಗಿಸಿತು."

ಅರ್ಜೆಂಟಾಗಿ ಒಂದು ಬ್ಯಾಚು ಬೇಕೆಂದು ಮೇಲಿನಿಂದ ಹೇಳಿದ್ದರಂತೆ. ಸ್ಟೋರಿನೊಳಗೆ ಸ್ಟೋರ್‌ಕೀಪರ್ ಬಿಟ್ಟು ಬೇರೆಯವರು ಹೋಗುವಂತಿಲ್ಲ, ಆದರೆ ಬೇಗ ಆಗಲಿ ಎಂದು ಕಾಕ ಇವನನ್ನು ಒಳಗೆ ಬಿಟ್ಟು ತಾವೂ ನಮಾಜು ತಡ ಮಾಡಿ ಪಕ್ಕದಲ್ಲೇ ನಿಂತಿದ್ದರು. ಬಕೆಟ್ಟು ಮುಕ್ಕಾಲು ತುಂಬಿತ್ತು. ಇಳಿಸಲು ಕೈ ಚಾಚಿದ. ಮುಟ್ಟುವ ಮೊದಲೇ ಚಟ್ ಎಂದು ಸದ್ದಾಯಿತು, ಬಕೆಟ್ಟಿನ ಬಾಯಿಂದ ಬೆಂಕಿ ಮುಖಕ್ಕೆ ಹಾರಿತು. ಕಾಕ ಅವನನ್ನು ರಟ್ಟೆ ಹಿಡಿದು ಬಾಗಿಲ ಕಡೆ ದೂಡಿ, ಉರಿಯ ಒಳಗೆ ಕೈ ಹಾಕಿ ನಲ್ಲಿ ಮುಚ್ಚಿ, ಬಕೆಟ್ಟನ್ನು ಹೊರಗೆಸೆದರು.

"ಬೀಡಿ?" ಎಂದು ನಾನು ಕೇಳಲು ಹೋದೆ. ಮೇಜರ್ ಕೈ ಅಡ್ಡ ಹಿಡಿದರು. "ಬಕೆಟ್ಟಿನ ಹಿಡಿಕೆಯಲ್ಲಿ ಪ್ಲಾಸ್ಟಿಕ್ ಇತ್ತು. ಅದರ ಬಗ್ಗೆ ಅವನ ಕೈಗೇನಾದರೂ ಗೊತ್ತೇ ಎಂದು ಕೇಳು."

ಅವನು ಅಂಗೈ ತೋರಿಸಿದ. ಅಡ್ಡಲಾಗಿ ಹಳೆಯ ಗಾಯದ ಒಂದು ಗೆರೆ. "ಬೇಸಿಗೆಯಲ್ಲಿ ಆ ಹಿಡಿಕೆ ಹಿಡಿದು ನೋಡಿ ಸರ್, ಕಾದ ಕಾವಲಿ. ಕೈ ಬೊಬ್ಬೆ ಬಂದಿತ್ತು. ಕಾಕ ನೀರಿನ ಪೈಪ್ ಸೀಳಿ ಅದಕ್ಕೆ ತೊಡಿಸಿದ್ದು."

ಮೇಜರ್ ಪೆನ್ನು ನಿಲ್ಲಿಸಿದರು. ಆ ಕ್ಷಣದಲ್ಲಿ ಅವರಿಗೆ ಎಲ್ಲ ತಿಳಿದಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ವಾಪಸು ಬರುವಾಗ ಸರಳವಾಗಿ ಬಿಡಿಸಿ ಹೇಳಿದರು. ಥಿನ್ನರು ಕೊಳವೆಯಲ್ಲಿ ಹರಿಯುವಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ, ಚಳಿಗಾಲದಲ್ಲಿ ಟೆರಿಲಿನ್ ಅಂಗಿ ಕಳಚುವಾಗ ಚಟಚಟ ಎನ್ನುವಂತೆ. ಕಬ್ಬಿಣದ ಹಿಡಿಕೆ ಕಬ್ಬಿಣದ ಕೊಕ್ಕೆಗೆ ತಾಗಿದ್ದರೆ ಅದು ಸ್ಟ್ಯಾಂಡಿನ ತಂತಿ ಹಿಡಿದು ನೆಲಕ್ಕೆ ಇಳಿದು ಹೋಗುತ್ತದೆ. ನಡುವೆ ಪ್ಲಾಸ್ಟಿಕ್ ಬಂದರೆ ಬಕೆಟ್ಟಿನಲ್ಲೇ ಉಳಿದು ಕಿಡಿಯಾಗಿ ಹಾರುತ್ತದೆ. ಬೇಸಿಗೆಯಲ್ಲಿ ಸಮುದ್ರದ ತೇವ ಕಾಪಾಡಿತ್ತು. ಈ ಒಣ ಗಾಳಿ ಕೈಬಿಟ್ಟಿತು.

"ಹಾಗಾದರೆ ಕಾಕ ಉಳಿದರು!" ಎಂದೆ.

"ಒಬ್ಬನ ಮಾತು, ಅದೂ ಇವತ್ತು ಬೆಳಿಗ್ಗೆಯಷ್ಟೇ ಸುಳ್ಳು ಹೇಳಿದವನದು. ಮ್ಯಾನೇಜರ್ ಇದನ್ನು ಹರಿದು ಹಾಕುತ್ತಾರೆ. ಕಾಕ ಹೇಳಬೇಕು. ಕಿಡಿಯೂ ಕಾಣಬೇಕು."

ಮಂಗಳವಾರ ಬೆಳಿಗ್ಗೆ ಕಾಕ ಹೇಳಲಿಲ್ಲ. ಮೂಡಬಿದಿರೆಯವನ ಮಾತನ್ನು ಓದಿ ಹೇಳಿದಾಗ ಸಿಟ್ಟಾದರು. "ಅವನಿಗೆ ಮರ್ಲ್, ತಲೆ ಸರಿ ಇಲ್ಲ. ಅವನು ಅಲ್ಲಿ ಇರ್ಲೇ ಇಲ್ಲ. ಬರ್ಕೊಳ್ಳಿ, ಅವನು ಸ್ಟೋರಿನ ಒಳಗೆ ಬರ್ಲಿಲ್ಲ." ನಿಯಮ ಮುರಿದು ಒಳಗೆ ಬಂದದ್ದಕ್ಕೆ ಅವನನ್ನೂ ಕಳಿಸಿಬಿಡುತ್ತಾರೆ ಎಂಬುದು ಕಾಕನ ಲೆಕ್ಕ. ಮೇಜರ್ ಒತ್ತಾಯಿಸಲಿಲ್ಲ. ಹೇಳಿದಷ್ಟನ್ನು ಬರೆದು, ಕನ್ನಡದಲ್ಲಿ ಓದಿಸಿ, ಸಹಿ ತೆಗೆದುಕೊಂಡರು.

ಮಧ್ಯಾಹ್ನ ಪ್ರಯೋಗ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ, ಕಟ್ಟಡಗಳಿಂದ ದೂರ, ಒಂದು ಡ್ರಮ್ಮನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿದರು. ತುಂಬಿದ್ದು ಥಿನ್ನರಲ್ಲ, ಸೀಮೆಎಣ್ಣೆ. ಆ ಹವೆಯಲ್ಲಿ ಅದು ಕಿಡಿಗೆ ಹೊತ್ತುವುದಿಲ್ಲ. ಕರೆಂಟ್ ಇದೆಯೇ ಎಂದು ನೋಡುವ ಟೆಸ್ಟರಿನೊಳಗಿನ ಪುಟ್ಟ ನಿಯಾನ್ ಬಲ್ಬನ್ನು ತೆಗೆದು, ಒಂದು ತಂತಿಯನ್ನು ನಲ್ಲಿಗೆ, ಇನ್ನೊಂದನ್ನು ಬಕೆಟ್ಟಿಗೆ ಕಟ್ಟಿದರು. ಹಗಲು ಬೆಳಕಿನಲ್ಲಿ ಕಾಣಲೆಂದು ಬಲ್ಬನ್ನು ಕಪ್ಪು ಬಳಿದ ಡಬ್ಬಿಯೊಳಗಿಟ್ಟು, ನೋಡಲು ಒಂದು ತೂತು. ಬಕೆಟ್ಟಿನಲ್ಲಿ ವಿದ್ಯುತ್ತು ಉಳಿದರೆ ಬಲ್ಬು ಮಿನುಗಬೇಕು. ಬೆಂಕಿ ಆರಿಸುವ ಸಿಲಿಂಡರುಗಳು ಎರಡೂ ಕಡೆ. ನಲ್ಲಿಯ ಹತ್ತಿರ ತಮ್ಮನ್ನೂ ತೂತಿನಲ್ಲಿ ನೋಡುವವರನ್ನೂ ಬಿಟ್ಟು ಯಾರೂ ಬರಕೂಡದು ಎಂದು ಸುಣ್ಣದಲ್ಲಿ ಗೆರೆ ಎಳೆದರು. ಮ್ಯಾನೇಜರ್, ಮಂದೂಬ್, ಕೆಲಸಗಾರರು ಗೆರೆಯಾಚೆ ನಿಂತರು. ಕಾಕ ಎಲ್ಲರ ಹಿಂದೆ.

ನಾನು ತೂತಿಗೆ ಕಣ್ಣಿಟ್ಟೆ. ಮೇಜರ್ ನಲ್ಲಿ ತಿರುಗಿಸಿದರು. ಬಕೆಟ್ಟು ತುಂಬಿತು. ಬಲ್ಬು ಮಿನುಗಲಿಲ್ಲ. ಚೆಲ್ಲಿ, ಒರೆಸಿ, ಹಿಡಿಕೆಗೆ ಹೊಸ ಪೈಪ್ ತೊಡಿಸಿ ಮತ್ತೆ ತುಂಬಿಸಿದರು. ಇಲ್ಲ. ತಂತಿ ಬದಲಿಸಿದರು. ಇಲ್ಲ.

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. "ಮೇಜರ್, ನಿಮ್ಮ ಶ್ರಮಕ್ಕೆ ಶಹಭಾಸ್. ಊಟ ಮಾಡಿ ವರದಿ ಟೈಪ್ ಮಾಡಿಸೋಣವೇ? ಬೀಡಿಗೆ ಇಷ್ಟೆಲ್ಲ ತಂತಿ ಬೇಕಾಗುವುದಿಲ್ಲ."

ಮೇಜರ್ ಮಂಡಿಯೂರಿ ನಲ್ಲಿಯನ್ನು ನೋಡುತ್ತಿದ್ದರು. ಪ್ಯಾಂಟಿಗೆಲ್ಲ ಸೀಮೆಎಣ್ಣೆ. ಅವರ ಕತ್ತಿನಲ್ಲಿ ಬೆವರು ಇಳಿಯುವುದು ಕಂಡು ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಇವರಿಗೂ ಆಗದಿದ್ದರೆ ಕಾಕನಿಗೆ ಬೇರೆ ಯಾರೂ ಇರಲಿಲ್ಲ.

ಆಗ ಹಿಂದಿನಿಂದ ಜನರನ್ನು ಸರಿಸಿಕೊಂಡು ಕಾಕ ಮುಂದೆ ಬಂದರು. ಗೆರೆಯ ಹತ್ತಿರ ನಿಂತು, ಮಗನನ್ನು ಕರೆಯುವಂತೆ ಕರೆದು, ನನಗೆ ಕನ್ನಡದಲ್ಲಿ ಹೇಳಿದರು.

"ಮೋನೇ, ಸಾಹೇಬ್ರಿಗೆ ಹೇಳು. ಬಟ್ಟೆ ಕಟ್ಟಲಿಲ್ಲ ಅವರು. ನಲ್ಲಿಗೆ ಬಟ್ಟೆ ಕಟ್ಟಿದ್ದೆ ನಾನು, ಹಳೇ ಬನಿಯನ್. ಡ್ರಮ್ಮಿಂದ ತುಕ್ಕು ಬರ್ತದೆ ಅಲ್ವಾ, ಸೋಸ್ಲಿಕ್ಕೆ." ಗೆರೆಯಾಚೆ ನಿಂತ ಹುಡುಗರ ಕಡೆ ಒಮ್ಮೆ ತಿರುಗಿ ನೋಡಿದರು. "ಮತ್ತೆ ಅದೂ ಹೇಳು. ನಾನು ಆ ದಿವಸ ನಮಾಜಿಗೆ ಹೋಗ್ಲಿಲ್ಲ. ನಮಾಜಿನ ಹೆಸರಲ್ಲಿ ಈ ಮಕ್ಕಳೆಲ್ಲ ಸುಳ್ಳು ಹೇಳಿದ್ರು. ನಾನೂ ಹೇಳಿದೆ. ಮೂರು ದಿವಸದಿಂದ ಸುಜೂದಿಗೆ ಹಣೆ ನೆಲಕ್ಕಿಡ್ಲಿಕ್ಕೆ ಆಗುದಿಲ್ಲ ನನಗೆ. ಆ ಹುಡುಗ ಒಳಗೆ ಇದ್ದ. ನಾನೇ ಕರೆದದ್ದು. ಅವನದ್ದು ತಪ್ಪಿಲ್ಲ."

ಅಷ್ಟು ದಿನ ತೋಳಿನೊಳಗೇ ಇಟ್ಟುಕೊಂಡಿದ್ದ ಬಲಗೈಯನ್ನು ಹೊರಗೆ ತೆಗೆದರು. ಬೆರಳುಗಳ ಮೇಲೆ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ನಾನು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದರು. ಮೇಜರ್ ಆಗಲೇ ತಮ್ಮ ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ಒಳಗಿನ ಬನಿಯನ್ ಕಳಚಿ, ಚಾಕುವಿನಿಂದ ಒಂದು ತುಂಡು ಕತ್ತರಿಸಿ, ನಲ್ಲಿಯ ಬಾಯಿಗೆ ಕಟ್ಟಿದರು. ಬಟ್ಟೆಯಲ್ಲಿ ಸೋಸಿ ಇಳಿಯುವಾಗ ವಿದ್ಯುತ್ತು ಇನ್ನೂ ಹೆಚ್ಚು ಹುಟ್ಟುತ್ತದೆ ಎಂದು ಆಮೇಲೆ ಹೇಳಿದರು. ಬರೀ ಮೈಯ ಮೇಲೆ ಅಂಗಿ ಹಾಕಿಕೊಂಡು ನಲ್ಲಿ ತಿರುಗಿಸಿದರು.

ಬಕೆಟ್ಟು ಅರ್ಧ ತುಂಬುವಷ್ಟರಲ್ಲಿ ಡಬ್ಬಿಯ ಕತ್ತಲಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕಿ ಮಿನುಗಿ ಆರಿತು. ಮತ್ತೆ ಮಿನುಗಿತು. ನಾನು ಕೂಗಿಕೊಂಡೆನಂತೆ, ಏನೆಂದು ನೆನಪಿಲ್ಲ. ಮೇಜರ್ ಮ್ಯಾನೇಜರರನ್ನು ಕರೆದು ತೂತಿನ ಮುಂದೆ ಕೂರಿಸಿದರು. ಆಮೇಲೆ ಹಿಡಿಕೆಯ ಪೈಪನ್ನು ಕಳಚಿ, ಬಟ್ಟೆ ಹಾಗೆಯೇ ಇರಲು ಬಿಟ್ಟು ತುಂಬಿಸಿದರು. ಚುಕ್ಕಿ ಬರಲಿಲ್ಲ. ಮತ್ತೆ ಪೈಪ್ ತೊಡಿಸಿದರು, ಬಂತು. ಮ್ಯಾನೇಜರ್ ಎದ್ದಾಗ ಅವರ ಪ್ಯಾಂಟಿನ ಮಂಡಿಗೂ ಸೀಮೆಎಣ್ಣೆ ಹಿಡಿದಿತ್ತು. ಆಫೀಸಿನ ಕಡೆ ನಡೆದರು.

ಅಲ್ಲಿಗೆ ಎಲ್ಲ ಸುಲಭವಾಗಲಿಲ್ಲ. ಬುಧವಾರ ಬೆಳಿಗ್ಗೆ ಮ್ಯಾನೇಜರ್ ಹೊಸ ಮಾತು ತಂದರು. ಕಿಡಿ ಎಂದೇ ಬರೆಯಿರಿ, ಆದರೆ "ಸ್ಟೋರ್‌ಕೀಪರನ ನಿರ್ಲಕ್ಷ್ಯದಿಂದ" ಎಂದು ಸೇರಿಸಿ; ಇಲ್ಲದಿದ್ದರೆ ಇನ್ಶೂರೆನ್ಸಿನವರು ಕಂಪನಿಯ ಕುತ್ತಿಗೆ ಹಿಡಿಯುತ್ತಾರೆ. ಅವರ ಭಯವೂ ಸುಳ್ಳಲ್ಲ, ಅವರಿಗೂ ಮೇಲಿನವರಿದ್ದರು. ಮೇಜರ್ ಎದುರಿನ ಕುರ್ಚಿ ತೋರಿಸಿದರು.

"ಕೈ ಸುಡುವ ಹಿಡಿಕೆಗೆ ಕೈಗವಸು ಕೊಡಬೇಕಾದವರು ನಾನು ಮತ್ತು ನೀವು. ಕೊಡಲಿಲ್ಲ. ಅವರು ಪೈಪ್ ತೊಡಿಸಿದರು. ನಾನು ತಿಂಗಳಿಗೊಮ್ಮೆ ಆ ಸ್ಟೋರಿಗೆ ಹೋಗಿ ಸಿಲಿಂಡರು ಎಣಿಸಿ ಬಂದಿದ್ದೇನೆ, ಆ ಪೈಪ್ ನನ್ನ ಕಣ್ಣಿಗೂ ಬಿದ್ದಿರಬೇಕು. ನಿರ್ಲಕ್ಷ್ಯ ಎಂದು ಬರೆಯಬೇಕೆಂದರೆ ಮೊದಲು ನನ್ನ ಹೆಸರು, ಆಮೇಲೆ ನಿಮ್ಮದು, ಮೂರನೆಯದು ಕಾಕನದು. ಟೈಪ್ ಮಾಡಿಸಲೇ?"

ಮ್ಯಾನೇಜರ್ ಬೇಡವೆಂದರು.

ವರದಿಗೆ ಸಹಿ ಹಾಕುವ ಮೊದಲು ಮೇಜರ್ ಕಾಕನನ್ನು ಕರೆಸಿ, ಅದರಲ್ಲಿ ಅವರ ಬಗ್ಗೆ ಇದ್ದುದನ್ನೆಲ್ಲ ಕನ್ನಡದಲ್ಲಿ ಓದಲು ನನಗೆ ಹೇಳಿದರು. ದ್ವೀಪದಲ್ಲಿ ಶುರುಮಾಡಿದ ಪದ್ಧತಿಯಂತೆ ಅದು. ಕಾಕ ಕಣ್ಣು ಮುಚ್ಚಿಕೊಂಡು ಕೇಳಿದರು. "ಹಿಡಿಕೆಗೆ ಕೆಲಸಗಾರರು ಪೈಪ್ ತೊಡಿಸಿದ್ದರು" ಎಂಬಲ್ಲಿ ಕೈ ಎತ್ತಿದರು.

"ಕೆಲಸಗಾರರು ಅಲ್ಲ. ನಾನು. ನಾನು ಅಂತ ಬರೀರಿ. ನಾಳೆ ಇನ್ನೊಬ್ಬನನ್ನು ಹಿಡಿಯುದು ಬೇಡ."

"ಕಾಕ, ಬೇಕಂತಲೇ ಮೇಜರ್ ಹಾಗೆ ಬರೆದದ್ದು" ಎಂದೆ.

"ಗೊತ್ತುಂಟು ಮೋನೇ. ಆದ್ರೂ ಬರೀಲಿಕ್ಕೆ ಹೇಳು."

ಹೇಳಿದ್ದನ್ನೆಲ್ಲ ಹೇಳಬೇಕೆಂಬ ನಿಯಮ ನನಗೆ ಅಷ್ಟು ಕಷ್ಟವಾದದ್ದು ಆಗ ಮಾತ್ರ. ಹೇಳಿದೆ. ಮೇಜರ್ ಕಾಕನ ಮುಖವನ್ನು ನೋಡಿ, ಪೆನ್ನಿನಿಂದ ಒಂದು ಪದ ಹೊಡೆದು ಇನ್ನೊಂದು ಬರೆದರು. ನಾನು ಆ ಪುಟವನ್ನು ಮತ್ತೆ ಟೈಪ್ ಮಾಡಿದೆ.

ಪೊಲೀಸ್ ಠಾಣೆಗೆ ಮೇಜರ್, ಮಂದೂಬ್, ಕಾಕ, ನಾನು, ನಾಲ್ವರು ಹೋದೆವು. ಕಾಕ ಒಂದು ಸಣ್ಣ ಬ್ಯಾಗನ್ನೂ ತಂದಿದ್ದರು. ಒಳಗೆ ಬಟ್ಟೆ ಇತ್ತೆಂದು ಕಾಣುತ್ತದೆ. ಯಾರೂ ಏನೂ ಕೇಳಲಿಲ್ಲ. ಬಿಳಿಗಡ್ಡದ ಒಮಾನಿ ಅಧಿಕಾರಿ ವರದಿಯನ್ನು ನಿಧಾನವಾಗಿ ಓದಿದರು. ಗೊತ್ತಾಗದಲ್ಲಿ ಮಂದೂಬ್ ಅರಬ್ಬಿಯಲ್ಲಿ ವಿವರಿಸಿದ. ನಿಯಾನ್ ಬಲ್ಬಿನ ಪುಟ ಬಂದಾಗ ತಲೆಯೆತ್ತಿ ಮೇಜರ್ ಕಡೆ ನೋಡಿದರು, ಮತ್ತೆ ಓದಿದರು. ಪೈಪಿನ ಸಾಲಿನ ಮೇಲೆ ಅವರ ಬೆರಳು ನಿಂತಿತು. ನನ್ನ ಪಕ್ಕದಲ್ಲಿ ಕಾಕ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡರು.

ಅಧಿಕಾರಿ ನೇರವಾಗಿ ಕಾಕನನ್ನೇ ಅರಬ್ಬಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಈ ಬಾರಿ ದುಭಾಷಿ ಬೇಕಾಗಲಿಲ್ಲ. ಇಷ್ಟು ವರ್ಷ ಅಲ್ಲಿದ್ದವರಿಗೆ ಅಷ್ಟು ಅರಬ್ಬಿ ಬರುತ್ತಿತ್ತು. ನಲ್ಲಿ ಮುಚ್ಚಿದ್ದು ಯಾರು?

"ಅನ" ಎಂದರು ಕಾಕ. ನಾನು ಎಂದು.

"ಕೈ ತೋರಿಸು."

ಕಾಕ ತೋರಿಸಿದರು. ಅಧಿಕಾರಿ ಆ ಕೈಯನ್ನು ತಮ್ಮ ಎರಡು ಬೆರಳಲ್ಲಿ ಹಿಡಿದು, ಒಮ್ಮೆ ತಿರುಗಿಸಿ ನೋಡಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಮುದ್ರೆ ಒತ್ತಿ ಫೈಲು ಮುಚ್ಚಿದರು. "ಖಲಾಸ್," ಮುಗಿಯಿತು, ಎಂದು ಮುಂದಿನವರನ್ನು ಕರೆಯಲು ಬಾಗಿಲ ಕಡೆ ಕೈ ಮಾಡಿದರು.

ಹೊರಗೆ ಬಂದರೂ ಕಾಕನಿಗೆ ನಂಬಿಕೆ ಬರಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಬ್ಯಾಗು ಎದೆಗೊತ್ತಿಕೊಂಡು ನಿಂತೇ ಇದ್ದರು, ಒಳಗಿನಿಂದ ಯಾರಾದರೂ ಮತ್ತೆ ಕರೆದಾರು ಎನ್ನುವಂತೆ. ಮೇಜರ್ ಪಿಕಪ್ಪಿನ ಬಾಗಿಲು ತೆಗೆದು ಹಿಡಿದು ನನಗೆ ಹೇಳಿದರು: "ಕೈಗೆ ಕಟ್ಟು ಹಾಕಿಸಬೇಕು, ಆಸ್ಪತ್ರೆ ಮುಚ್ಚುವ ಮೊದಲು ಹೋಗಬೇಕು ಎಂದು ಹೇಳು. ರಜೆ ಮುಗಿದು ಶನಿವಾರ ಏಳು ಗಂಟೆಗೆ ಸ್ಟೋರ್ ತೆಗೆಯುವುದಕ್ಕೆ ನನಗೆ ಬೇರೆ ಜನ ಇಲ್ಲ ಎಂದೂ ಹೇಳು."

ನಾನು ಎರಡನ್ನೂ ಹೇಳಿದೆ. ಕಾಕ ಎರಡನೆಯದನ್ನು ಮತ್ತೊಮ್ಮೆ ಹೇಳಿಸಿಕೊಂಡು, ಮೆಟ್ಟಿಲಿಳಿದು ಬಂದು ಗಾಡಿ ಹತ್ತಿದರು.